‘ಆಕಸ್ಮಿಕ’ಕ್ಕೆ ಒಂದು ಮಧ್ಯಾಹ್ನ ಸಾಕು

ಮಾನ್ಯರೇ,

ತಪ್ಪು ನಮ್ಮದೇ. ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕವಸ್ತುವಿನ ಬಗ್ಗೆ ಕಳೆದ ಸಂಚಿಕೆಯ ಲೇಖನದಲ್ಲಿ ‘1943ರಲ್ಲಿ ಆಕಸ್ಮಿಕವಾಗಿ ತಯಾರಾದ ವಸ್ತು’ ಎಂದು ಅಚ್ಚಾಗಿತ್ತು. ‘ತಯಾರಾದದ್ದು 1938ರಲ್ಲಿ. ಆಕಸ್ಮಿಕವಾಗಿ ಸಾರೂ ಕುದಿಯುವುದಿಲ್ಲ, ಇನ್ನು ಇಂಥ ಅಣು ಆಗುತ್ತದೆಯೇ?’ ಎಂದು ಕೇಳಿದ್ದೀರಿ. ಕರಡು ತಿದ್ದುವಾಗ ಆ ಸಾಲು ನನ್ನ ಕಣ್ಣೆದುರೇ ಹಾದುಹೋಗಿತ್ತು. ಇಷ್ಟು ಸಣ್ಣ ಪ್ರಮಾಣ ಅರ್ಧ ದಿನ ಕಾಡುವುದು ಹೇಗೆ, ಅದು ಬೆನ್ನುಹುರಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆಂಬುದು ನಿಜವೇ ಎಂದೂ ಕೇಳಿದ್ದೀರಿ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಜ್ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಕೆಲಸ ಮಾಡುತ್ತಿದ್ದದ್ದು ಅರ್ಗಟ್ ಮೇಲೆ. ರೈ ಎಂಬ ಗೋಧಿಯಂಥ ಧಾನ್ಯದ ತೆನೆಗೆ ಹತ್ತುವ ಶಿಲೀಂಧ್ರ ಅದು. ಅದು ಬೆರೆತ ಹಿಟ್ಟು ತಿಂದ ಊರೂರುಗಳು ಮಧ್ಯಯುಗದ ಯುರೋಪಿನಲ್ಲಿ ಕೈಕಾಲು ಕೊಳೆತು ನರಳಿದ್ದವು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವ ಔಷಧ ಸಿಕ್ಕಿದ್ದೂ ಅದರಿಂದಲೇ. ಅದರ ತಿರುಳಾದ ಲೈಸರ್ಜಿಕ್ ಆಮ್ಲಕ್ಕೆ ಬೇರೆ ಬೇರೆ ಬಾಲ ಜೋಡಿಸುತ್ತಾ ಹೋದ ಹಾಫ್‌ಮನ್‌ಗೆ ಬೇಕಿದ್ದದ್ದು ಉಸಿರಾಟವನ್ನೂ ರಕ್ತಸಂಚಾರವನ್ನೂ ಚುರುಕುಗೊಳಿಸುವ ಮದ್ದು. ಸಾಲಿನಲ್ಲಿ 25ನೆಯದು ಇದು, ಹಾಗಾಗಿ ಎಲ್‌ಎಸ್‌ಡಿ-25. ತಿರುಳು ಶಿಲೀಂಧ್ರದ್ದು, ಬಾಲ ಪ್ರಯೋಗಾಲಯದ್ದು, ಆದ್ದರಿಂದ ಇದು ಅರೆ ಕೃತಕ. ಪ್ರಾಣಿಗಳಿಗೆ ಕೊಟ್ಟಾಗ ಅವು ಸ್ವಲ್ಪ ಚಡಪಡಿಸಿದವು, ಅಷ್ಟೇ. ಕಡತ ಮುಚ್ಚಿದರು.

ಒಮ್ಮೆ ಕೈಬಿಟ್ಟ ವಸ್ತುವನ್ನು ಅಲ್ಲಿ ಯಾರೂ ಮತ್ತೆ ಮುಟ್ಟುತ್ತಿರಲಿಲ್ಲ. ಹಾಫ್‌ಮನ್ ಐದು ವರ್ಷದ ಮೇಲೆ ಮುಟ್ಟಿದರು. ಇದರಲ್ಲಿ ಇನ್ನೇನೋ ಇದೆ ಎಂದು ಅವರ ಮನಸ್ಸಿಗೆ ಅನ್ನಿಸುತ್ತಲೇ ಇತ್ತಂತೆ. 1943ರ ಏಪ್ರಿಲ್ 16, ಶುಕ್ರವಾರ, ಮತ್ತೆ ತಯಾರಿಸುವಾಗ ತಲೆ ತಿರುಗಿತು. ಮನೆಗೆ ಹೋಗಿ ಕಣ್ಣು ಮುಚ್ಚಿ ಮಲಗಿದರೆ ಬಣ್ಣಗಳ ಮೆರವಣಿಗೆ. ಬೆರಳ ತುದಿಗೆ ತಾಗಿದ್ದು ಚರ್ಮದ ಮೂಲಕ ಒಳಗೆ ಹೋಗಿರಬೇಕು ಎಂದು ಆಮೇಲೆ ಊಹಿಸಿದರು. ಆಕಸ್ಮಿಕ ಎನ್ನುವುದಿದ್ದರೆ ಅದೊಂದೇ.

ಸೋಮವಾರ ನಡೆದದ್ದಂತೂ ತಿಳಿದೇ ಮಾಡಿದ್ದು. ಸಂಜೆ 4.20ಕ್ಕೆ 250 ಮೈಕ್ರೋಗ್ರಾಂ ನೀರಿನಲ್ಲಿ ಕಲಸಿ ಕುಡಿದರು. ನಾಲ್ಕೈದು ಹರಳು ಪುಡಿ ಉಪ್ಪಿನ ತೂಕ. ಅರ್ಗಟ್‌ನ ಬೇರೆ ಮದ್ದುಗಳ ಲೆಕ್ಕದಲ್ಲಿ ಅದು ಏನೂ ಆಗದಷ್ಟು ಕಡಿಮೆ, ಅವರ ಎಚ್ಚರಿಕೆ ಅಂಥದು. ಇವತ್ತಿನ ಪ್ರಯೋಗಗಳಲ್ಲಿ 100 ಮೈಕ್ರೋಗ್ರಾಂ ಕೂಡ ಪೂರ್ತಿ ಪ್ರಮಾಣವೇ. ಐದು ಗಂಟೆಗೆ ಟಿಪ್ಪಣಿಯಲ್ಲಿ ತಲೆಸುತ್ತು, ಆತಂಕ, ಕೊನೆಗೆ ‘ನಗಬೇಕೆನಿಸುತ್ತಿದೆ’ ಎಂದು ಬರೆದರು. ಅಲ್ಲಿಂದ ಮುಂದೆ ಬರೆಯಲಾಗಲಿಲ್ಲ. ಯುದ್ಧಕಾಲ, ವಾಹನವಿಲ್ಲ. ಸಹಾಯಕಿಯ ಜೊತೆ ಸೈಕಲ್ ಹತ್ತಿದರು. ಇದ್ದಲ್ಲೇ ಇದ್ದೇನೆ ಎಂದು ಅವರಿಗೆ ಅನ್ನಿಸಿತ್ತು, ಬಹಳ ವೇಗವಾಗಿ ಬಂದೆವು ಎಂದು ಆಕೆ ಆಮೇಲೆ ಹೇಳಿದಳು. ಹಾಲು ತಂದುಕೊಟ್ಟ ಪಕ್ಕದ ಮನೆಯಾಕೆ ಮಾಟಗಾತಿಯಂತೆ ಕಂಡರು. ಓಡಿಬಂದ ವೈದ್ಯರಿಗೆ ಮಾತ್ರ ಹಿಗ್ಗಿದ ಕಣ್ಣುಪಾಪೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ನನಗೆ ಈ ಕಥೆಯಲ್ಲಿ ಸೈಕಲ್‌ಗಿಂತ ಆ ವೈದ್ಯರೇ ಹೆಚ್ಚು ನೆನಪಿರುತ್ತಾರೆ. ನಾಡಿ, ಉಸಿರು ಎಲ್ಲ ಸರಿಯಿರುವ ರೋಗಿ ತಾನು ಸಾಯುತ್ತಿದ್ದೇನೆ ಎಂದರೆ ಏನು ಬರೆದುಕೊಡುವುದು?

ಎರಡನೆಯ ಪ್ರಶ್ನೆ, ಸಣ್ಣ ಪ್ರಮಾಣ ಅರ್ಧ ದಿನ ಕಾಡುವುದು ಹೇಗೆ ಎಂಬುದು. ಎಲ್‌ಎಸ್‌ಡಿಯ ಒಡಲಲ್ಲಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಅನ್ನು ಹೋಲುವ ಒಂದು ಚೌಕಟ್ಟಿದೆ. ಹಾಗಾಗಿ ಅದು ಮಿದುಳಿನ ಸೆರೊಟೋನಿನ್ ಗ್ರಾಹಕಗಳಿಗೆ (ಆ ಸಂದೇಶವನ್ನು ಹಿಡಿಯುವ, ಕೋಶದ ಮೇಲಿನ ಅಣುಗಳಿಗೆ), ಮುಖ್ಯವಾಗಿ 2ಎ ಎಂಬುದಕ್ಕೆ, ಹೋಗಿ ಕೂರುತ್ತದೆ. ಆ ಗ್ರಾಹಕವನ್ನು ಕೆಟಾನ್ಸೆರಿನ್ ಎಂಬ ಮದ್ದಿನಿಂದ ಮೊದಲೇ ತಡೆದರೆ ಭ್ರಮೆಗಳೇ ಹುಟ್ಟುವುದಿಲ್ಲ. 2017ರಲ್ಲಿ ಅಮೆರಿಕದ ಬ್ರಯನ್ ರಾತ್ ತಂಡ 2ಬಿ ಎಂಬ ಸೋದರ ಗ್ರಾಹಕದೊಳಗೆ ಕೂತ ಎಲ್‌ಎಸ್‌ಡಿಯ ಚಿತ್ರ ತೆಗೆಯಿತು. ಅಣು ಒಳಗೆ ಹೋದ ಮೇಲೆ ಗ್ರಾಹಕದ ಒಂದು ಕುಣಿಕೆ ಮುಚ್ಚಳದಂತೆ ಮೇಲೆ ಬೀಳುತ್ತದೆ. ಆ ಮುಚ್ಚಳವನ್ನು ಸಡಿಲಿಸಿದಾಗ ಅಣು ಬೇಗ ಜಾರಿಕೊಂಡಿತು. ‘ಅದಕ್ಕೇ ಇಷ್ಟು ಹೊತ್ತು’ ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು, ಚೆಂದದ ಚಿತ್ರ. ಆದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು ಮೂರು ಗಂಟೆ ಬೇಕು, ಮತ್ತು ಅನುಭವದ ಏರಿಳಿತ ಬಹುಮಟ್ಟಿಗೆ ರಕ್ತದ ಮಟ್ಟದ ಜೊತೆಗೇ ಸಾಗುತ್ತದೆ. ಎಲ್ಲವನ್ನೂ ಮುಚ್ಚಳದ ತಲೆಗೆ ಕಟ್ಟುವುದು ಬೇಡ.

ಬೆನ್ನುಹುರಿಯ ಕಥೆ ಸುಳ್ಳು. ಯಕೃತ್ತು ಎಲ್‌ಎಸ್‌ಡಿಯನ್ನು ಒಡೆದುಹಾಕುತ್ತದೆ, ಕೆಲ ದಿನಗಳಲ್ಲಿ ದೇಹ ಖಾಲಿ. ಚಟ ಹಿಡಿಸುವುದೂ ಇಲ್ಲ. ದಿನವೂ ತೆಗೆದುಕೊಂಡರೆ ಮೂರ್ನಾಲ್ಕು ದಿನಕ್ಕೆ ಪರಿಣಾಮವೇ ಮೊಂಡಾಗುತ್ತದೆ. ಇಷ್ಟಕ್ಕೇ ನಿರಪಾಯ ಎಂದು ಓದಿಕೊಳ್ಳಬೇಡಿ. ಮನೋರೋಗದ ಒಲವಿರುವವರಿಗೆ ಅದು ಕಿಡಿ, ಲಿಥಿಯಂ ಎಂಬ ಮನೋರೋಗದ ಮದ್ದು ಸೇವಿಸುವವರಿಗೆ ಅಪಸ್ಮಾರದ ಭಯ. ಬೀದಿಯಲ್ಲಿ ಎಲ್‌ಎಸ್‌ಡಿ ಹೆಸರಲ್ಲಿ ಸಿಗುವ ಕಾಗದದ ಚೂರಿನಲ್ಲಿ ಎನ್‌ಬೋಮ್ ಎಂಬ ಬೇರೆಯದೇ ವಿಷವಿದ್ದು ಜನ ಸತ್ತದ್ದುಂಟು.

ಸ್ಯಾಂಡೋಜ್ 1947ರಿಂದ ಡೆಲಿಸಿಡ್ ಹೆಸರಿನಲ್ಲಿ ಮನೋವೈದ್ಯರಿಗೆ ಇದನ್ನು ಒದಗಿಸಿದ್ದು, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅರಿವಿಲ್ಲದವರಿಗೂ ಕುಡಿಸಿ ನೋಡಿದ್ದು, ವಿದ್ಯಾರ್ಥಿಗಳ ಕೈಗೆ ಹರಿದದ್ದು, 1965ರಲ್ಲಿ ಕಂಪನಿ ಕೈತೊಳೆದುಕೊಂಡದ್ದು, 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದದ ಕಟ್ಟುನಿಟ್ಟಿನ ಪಟ್ಟಿಗೆ ಸೇರಿದ್ದು ಇನ್ನೊಂದು ಲೇಖನದಷ್ಟು ಇದೆ, ಬರೆಸುತ್ತೇವೆ. ಮುಂದಿನ ಸಂಚಿಕೆಯ ತಿದ್ದುಪಡಿಯಲ್ಲಿ ತಯಾರಾದ ದಿನ 1938ರ ನವೆಂಬರ್ 16 ಎಂದಿರುತ್ತದೆ. ‘ಆಕಸ್ಮಿಕ’ವನ್ನು ಪೂರ್ತಿ ಹೊಡೆದುಹಾಕಿಲ್ಲ, ಏಪ್ರಿಲ್ 16ರ ಆ ಮಧ್ಯಾಹ್ನಕ್ಕೆ ಮಾತ್ರ ಉಳಿಸಿಕೊಂಡಿದ್ದೇನೆ.

– ಸಂಪಾದಕ