ಮೊದಲ ಕ್ರೂಸ್ ಪ್ರವಾಸ: ಹಡಗಿನ ಊಟ ನಿಜಕ್ಕೂ ಹೇಗಿರುತ್ತದೆ?

ತಂದೆತಾಯಿಯನ್ನು ಮೊದಲ ಬಾರಿಗೆ ಸಿಂಗಾಪುರದಿಂದ ಹೊರಡುವ ಕ್ರೂಸ್‌ಗೆ ಕರೆದೊಯ್ಯಲಿದ್ದೇನೆ, ಅಲ್ಲಿನ ಊಟ ಜಾಹೀರಾತಿನಲ್ಲಿ ತೋರಿಸುವಷ್ಟು ಚೆನ್ನಾಗಿರುತ್ತದೆಯೇ, ಸಸ್ಯಾಹಾರಿಗಳಿಗೆ ತೊಂದರೆಯಾಗುತ್ತದೆಯೇ ಎಂದು ನೀವು ಕೇಳಿದ್ದೀರಿ. ನಾನು ಉಡುಪಿಯ ಮಲ್ಪೆಯವನು. ನಮ್ಮ ಅಪ್ಪ ಮೂವತ್ತು ವರ್ಷ ಆಳಸಮುದ್ರದ ಮೀನುಗಾರಿಕೆ ಬೋಟುಗಳಲ್ಲಿ ದುಡಿದವರು, ಕೊನೆಯ ಕೆಲವು ವರ್ಷ ತಾಂಡೇಲರಾಗಿದ್ದವರು, ಅಂದರೆ ಬೋಟಿನ ಮುಖ್ಯಸ್ಥರಾಗಿದ್ದವರು. ಅಮ್ಮ ಒಂದು ಹರಕೆಯ ಕಾರಣದಿಂದ ಮೀನು, ಮಾಂಸ, ಮೊಟ್ಟೆ ಬಿಟ್ಟು ನಾಲ್ಕು ವರ್ಷವಾಯಿತು. ಇವರಿಬ್ಬರನ್ನೂ ಕರೆದುಕೊಂಡು ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್ ಮುಟ್ಟಿ ಸಿಂಗಾಪುರಕ್ಕೆ ಮರಳುವ ನಾಲ್ಕು ರಾತ್ರಿಗಳ ಪ್ರವಾಸ ಮಾಡಿ ಬಂದಿರುವುದರಿಂದ, ನಿಮ್ಮ ಪ್ರಶ್ನೆಗೆ ಉತ್ತರಿಸುವ ಅರ್ಹತೆ ಅಷ್ಟಿಷ್ಟು ನನಗಿದೆ ಎಂದುಕೊಂಡಿದ್ದೇನೆ. ಊಟ ಧಾರಾಳವಾಗಿತ್ತು, ರುಚಿಯಾಗಿರಲಿಲ್ಲ. ಕೋಣೆ, ಸ್ವಚ್ಛತೆ, ಸಿಬ್ಬಂದಿಯ ನಡವಳಿಕೆ ಯಾವುದರ ಬಗ್ಗೆಯೂ ನನ್ನ ದೂರಿಲ್ಲ.

ಹಡಗು ಹತ್ತಿದ ಮಧ್ಯಾಹ್ನ ಎಲ್ಲರಂತೆ ನಾವೂ ಮೇಲಿನ ಡೆಕ್ಕಿನ ಬಫೆಗೆ ಹೋದೆವು. ಸಾಲುಸಾಲಾಗಿ ಇಟ್ಟಿದ್ದ ಸ್ಟೀಲಿನ ಪಾತ್ರೆಗಳಲ್ಲಿ ಎಷ್ಟು ಬಗೆಯ ಪದಾರ್ಥಗಳಿದ್ದವೆಂದರೆ, ಒಂದು ಸುತ್ತು ಬರುವಷ್ಟರಲ್ಲಿ ಮೊದಲು ಕಂಡದ್ದು ಮರೆತುಹೋಗುತ್ತಿತ್ತು. ಅಪ್ಪ ತಟ್ಟೆಗೆ ಅನ್ನ ಮತ್ತು ಮೀನಿನ ಸಾರು ಹಾಕಿಸಿಕೊಂಡು ಬಂದು ಕುಳಿತರು. ಹೋಳು ಬೆಳ್ಳಗಿತ್ತು, ಮುಳ್ಳಿರಲಿಲ್ಲ, ಚರ್ಮವನ್ನೂ ಸುಲಿದಿದ್ದರು. ಅವರು ಅದನ್ನು ಚಮಚದಿಂದ ಒಮ್ಮೆ ಮಗುಚಿ, ಮೂಗಿನ ಬಳಿ ಹಿಡಿದು, ಯಾವ ಮೀನು ಎಂದು ಕೇಳಿ ಬಾ ಎಂದರು. ಬಾಸಾ ಎಂದು ಗೊತ್ತಾಯಿತು. ಇದು ವಿಯೆಟ್ನಾಮಿನ ಮೆಕಾಂಗ್ ನದಿಯ ಬಯಲಿನಲ್ಲಿ ಸಾಕಿ, ಹೋಳು ಮಾಡಿ, ಹೆಪ್ಪುಗಟ್ಟಿಸಿ ಲೋಕಕ್ಕೆಲ್ಲ ಕಳುಹಿಸುವ ಸಿಹಿನೀರಿನ ಮೀನು. ಅಗ್ಗವಾದ್ದರಿಂದಲೂ ಮುಳ್ಳಿನ ರಗಳೆ ಇಲ್ಲದ್ದರಿಂದಲೂ ದೊಡ್ಡ ಅಡುಗೆಮನೆಗಳಿಗೆ ಅಚ್ಚುಮೆಚ್ಚು. ಸಮುದ್ರದ ನಡುವೆ ಕೂರಿಸಿ ಹೊಳೆಮೀನು ಬಡಿಸುತ್ತಾರಲ್ಲ ಎಂದು ಅಪ್ಪ ತುಳುವಿನಲ್ಲಿ ಹೇಳಿದ ಮಾತಿಗೆ ನಾವು ನಕ್ಕೆವಾದರೂ, ಆಮೇಲೆ ಅವರು ಹಡಗಿನಲ್ಲಿ ಮೀನು ಮುಟ್ಟಲಿಲ್ಲ.

ಬೆಳಗಿನ ಇಡ್ಲಿಯ ಮೇಲ್ಮೈ ಒಣಗಿ ಚರ್ಮದಂತಾಗಿತ್ತು. ಚಹಾ ಎಂದರೆ ಬಿಸಿನೀರು, ಅದರೊಳಗೆ ಅದ್ದುವ ಪೊಟ್ಟಣ, ಪಕ್ಕದಲ್ಲಿ ಹೆಬ್ಬೆರಳಿನಷ್ಟು ಹಾಲು. ಪನೀರ್, ಬೇಳೆ, ಆಲೂಗಡ್ಡೆ ಮೂರಕ್ಕೂ ಒಂದೇ ಕೆಂಪು ಮಸಾಲೆ ಇದ್ದುದರಿಂದ ಅಮ್ಮ ಎರಡು ದಿನ ಬ್ರೆಡ್ಡು, ಮೊಸರು, ಕಲ್ಲಂಗಡಿಯಲ್ಲಿ ಕಳೆದರು.

ಸಾವಿರಾರು ಜನರಿಗೆ ಮಾಡುವ ಅಡುಗೆ ಹೀಗೆಯೇ ಇರುತ್ತದೆ ಎಂಬ ಸಮಾಧಾನವನ್ನು ಉಡುಪಿಯವರು ಒಪ್ಪುವುದು ಕಷ್ಟ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ನಡೆಯುವಾಗ ಕೃಷ್ಣಮಠದಲ್ಲಿ ಊಟ ಮಾಡುವವರ ಸಂಖ್ಯೆಯ ಮುಂದೆ ಹಡಗಿನ ಎರಡು ಸಾವಿರ ಪ್ರಯಾಣಿಕರು ಏನೇನೂ ಅಲ್ಲ. ಆದರೂ ಅಲ್ಲಿ ಎಲೆಗೆ ಬೀಳುವ ಸಾರು ಹೊಗೆಯಾಡುತ್ತಿರುತ್ತದೆ. ವ್ಯತ್ಯಾಸವಿರುವುದು ಬಡಿಸುವ ಕ್ರಮದಲ್ಲಿ. ಪಂಕ್ತಿಯೂಟದಲ್ಲಿ ಜನ ಎಲೆಯ ಮುಂದೆ ಕುಳಿತು ಅಡುಗೆಗಾಗಿ ಕಾಯುತ್ತಾರೆ. ಬಫೆಯಲ್ಲಿ ಅಡುಗೆಯೇ ಜನರಿಗಾಗಿ ಗಂಟೆಗಟ್ಟಲೆ ಕಾಯುತ್ತದೆ. ಕಾಯುವಾಗ ಅದು ಕೆಡಬಾರದೆಂದು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಟ್ಟಿರುತ್ತಾರೆ. ಮುಚ್ಚಿದ ಹಡಗಿನಲ್ಲಿ ವಾಂತಿಭೇದಿ ಹರಡಿದರೆ ಅನಾಹುತವಾಗುವುದರಿಂದ ಈ ಎಚ್ಚರ ಬೇಕೇ ಬೇಕು, ಆದರೆ ಆ ಬಿಸಿಯಲ್ಲಿ ಅನ್ನ ಬಿರುಸಾಗುತ್ತದೆ, ಪಲ್ಯ ಬಣ್ಣಗೆಡುತ್ತದೆ, ಒಗ್ಗರಣೆಯ ಪರಿಮಳ ಹಾರಿಹೋಗುತ್ತದೆ. ಬೆಂಕಿಯ ಭಯದಿಂದ ಇಂಥ ಹಡಗುಗಳ ಅಡುಗೆಮನೆಯಲ್ಲಿ ತೆರೆದ ಉರಿಯ ಬದಲು ಹೆಚ್ಚಾಗಿ ವಿದ್ಯುತ್ತಿನ ಒಲೆಗಳೇ ಇರುತ್ತವೆ ಎಂಬುದನ್ನೂ ಗಮನದಲ್ಲಿಡಬೇಕು. ಅಪ್ಪನ ಬೋಟಿನಲ್ಲಿ ಏಳೆಂಟು ಜನರಿಗೆ ಒಂದೇ ಒಲೆಯಿತ್ತು, ಹತ್ತು ದಿನವೂ ಕುಚ್ಚಲಕ್ಕಿ ಅನ್ನ ಮತ್ತು ಆಗಷ್ಟೇ ಬಲೆಯಿಂದ ತೆಗೆದ ಬಂಗುಡೆಯ ಗಸಿ. ಅದೊಂದು ಐಷಾರಾಮವೆಂದು ಅವರಿಗೆ ಅನ್ನಿಸಿದ್ದು ಈ ಪ್ರವಾಸದಲ್ಲೇ ಇರಬೇಕು.

ಎರಡನೆಯ ದಿನ ಪೆನಾಂಗ್‌ನಲ್ಲಿ ಇಳಿದದ್ದು ನಮ್ಮ ಪಾಲಿಗೆ ಬಿಡುಗಡೆ. ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಧಕ್ಕೆ ಜಾರ್ಜ್‌ಟೌನ್‌ನ ಹಳೆಯ ಪೇಟೆಗೆ ಅಂಟಿಕೊಂಡೇ ಇದೆ. 2008ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪೇಟೆಯ ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಬಹುದು. 1833ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ಗುಡಿಗೆ ಕೈಮುಗಿದು, ಹತ್ತಿರದ ಒಂದು ತಮಿಳರ ಹೋಟೆಲಿನಲ್ಲಿ ಬಾಳೆಎಲೆಯ ಊಟಕ್ಕೆ ಕುಳಿತೆವು. ಅಮ್ಮ ಎರಡನೆಯ ಸಲ ರಸಂ ಕೇಳಿ ಹಾಕಿಸಿಕೊಂಡದ್ದನ್ನು ನೋಡಿದಾಗ, ಹಡಗಿನ ಊಟಕ್ಕೂ ಸೇರಿಸಿ ಕೊಟ್ಟ ಹಣ ನೆನಪಾಗಿ ನನಗೆ ಸ್ವಲ್ಪ ಕಸಿವಿಸಿಯಾಯಿತು. ನಿಮ್ಮ ಹಡಗೂ ಅಲ್ಲಿ ನಿಲ್ಲುವುದಾದರೆ ಆ ದಿನದ ಊಟವನ್ನು ದಡದಲ್ಲೇ ಮಾಡಿ. ಫುಕೆಟ್‌ನಲ್ಲಿ ಹಡಗು ದೂರದಲ್ಲಿ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ದಡಕ್ಕೆ ಬಿಟ್ಟದ್ದರಿಂದ, ಸರತಿಯಲ್ಲಿ ನಿಂತದ್ದೇ ಹೆಚ್ಚಾಯಿತು.

ಹಡಗಿನಲ್ಲಿ ಒಳ್ಳೆಯ ಊಟ ಇರಲೇ ಇಲ್ಲವೆಂದಲ್ಲ. ಬಫೆಯ ಒಂದು ಮೂಲೆಯಲ್ಲಿ, ಕೇಳಿದವರಿಗೆ ಆಗಿಂದಾಗಲೇ ಕುದಿಯುವ ಸಾರಿನಲ್ಲಿ ನೂಡಲ್ಸ್ ಬೇಯಿಸಿ ಕೊಡುವ ಕೌಂಟರ್ ಇತ್ತು; ನಾನು ಮೂರು ಹೊತ್ತು ಅದನ್ನೇ ತಿಂದೆ. ಅದಕ್ಕಿಂತ ಮುಖ್ಯವಾಗಿ, ಟಿಕೆಟ್ ದರದಲ್ಲೇ ಸೇರಿದ್ದ, ಕುಳಿತಲ್ಲಿಗೆ ತಂದು ಬಡಿಸುವ ರೆಸ್ಟೋರೆಂಟ್ ಕೆಳಗಿನ ಡೆಕ್ಕಿನಲ್ಲಿತ್ತು. ಅದಕ್ಕೆ ಬೇರೆ ಹಣ ಕೊಡಬೇಕೆಂದು ತಪ್ಪು ತಿಳಿದು ನಾವು ಎರಡು ರಾತ್ರಿ ಆ ಕಡೆ ಸುಳಿಯಲಿಲ್ಲ. ಬೇರೆ ಹಣ ಕೇಳುವ ಹೋಟೆಲುಗಳೂ ಹಡಗಿನಲ್ಲಿರುತ್ತವೆ, ತಂಪು ಪಾನೀಯ ಮತ್ತು ದಿನದ ಸೇವಾಶುಲ್ಕವೂ ಬಿಲ್ಲಿಗೆ ಸೇರಬಹುದು. ಆದ್ದರಿಂದ ಯಾವುದು ದರದೊಳಗಿದೆ ಎಂಬುದನ್ನು ಹತ್ತುವ ಮೊದಲೇ ಓದಿಕೊಳ್ಳಿ. ಟಿಕೆಟ್ ಕಾದಿರಿಸುವಾಗಲೇ ಭಾರತೀಯ ಸಸ್ಯಾಹಾರ ಬೇಕೆಂದು ಬರೆಸಿ.

ಮೂರನೆಯ ರಾತ್ರಿ ನಾವು ಆ ರೆಸ್ಟೋರೆಂಟಿಗೆ ಹೋದಾಗ, ಅಮ್ಮ ಏನನ್ನೂ ಮುಟ್ಟದಿರುವುದನ್ನು ಕಂಡ ಗೋವೆಯ ಹುಡುಗನೊಬ್ಬ ಬಂದು ಹಿಂದಿಯಲ್ಲಿ ವಿಚಾರಿಸಿದ. ಸಪ್ಪೆ ಬೇಳೆಸಾರು, ಅನ್ನ ಸಾಕಿತ್ತು ಎಂದೆ. ಇಪ್ಪತ್ತು ನಿಮಿಷದಲ್ಲಿ ಜೀರಿಗೆಯ ಒಗ್ಗರಣೆ ಹಾಕಿದ ತೊವ್ವೆ, ಮೆತ್ತಗೆ ಬೆಂದ ಅನ್ನ, ಹುರಿದ ಹಪ್ಪಳ ಬಂದವು. ಮೊದಲ ದಿನವೇ ಹೇಳಿದ್ದರೆ ದಿನವೂ ಮಾಡಿಸಿಕೊಡುತ್ತಿದ್ದೆನಲ್ಲ ಎಂದು ಅವನು ಅಂದಾಗ, ನಮಗೆ ಉಳಿದದ್ದು ಇನ್ನೊಂದು ರಾತ್ರಿ ಮಾತ್ರ.