ಎಸ್‌ಎಸ್‌ಎಚ್‌ನಲ್ಲಿ ಓಡಿಸಿದ ಪ್ರೋಗ್ರಾಂನ ವಿಂಡೋ ಯಾಕೆ ತೆರೆಯುವುದಿಲ್ಲ?

ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುವ ಟಿಕೆಇಂಟರ್ (ಪೈಥಾನ್‌ನಲ್ಲಿ ವಿಂಡೋ, ಬಟನ್ ಮಾಡುವ ಲೈಬ್ರರಿ) ಪ್ರೋಗ್ರಾಂ, ಎಸ್‌ಎಸ್‌ಎಚ್ ಮಾಡಿ, ಅಂದರೆ ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್ ಆಗಿ, ಕಾಲೇಜಿನ ಸರ್ವರ್‌ನಲ್ಲಿ ಓಡಿಸಿದರೆ ‘ನೋ ಡಿಸ್‌ಪ್ಲೇ ನೇಮ್’ ಎಂದು ನಿಂತುಬಿಡುತ್ತದೆ ಅಂದಿರಿ, ಅಲ್ವಾ? ಕೋಡ್ ಸರಿಯಾಗಿಯೇ ಇದೆ, ಅದನ್ನು ಮುಟ್ಟಬೇಡಿ.

ಟಿಕೆಇಂಟರ್ ತಾನೇ ಪರದೆಯ ಮೇಲೆ ಏನನ್ನೂ ಬರೆಯುವುದಿಲ್ಲ. ‘ಒಂದು ವಿಂಡೋ ತೆರೆ, ಇಲ್ಲೊಂದು ಬಟನ್ ಬರೆ’ ಎಂದು ಎಕ್ಸ್ ಸರ್ವರ್‌ಗೆ, ಅಂದರೆ ಪರದೆಯ ಮೇಲೆ ವಿಂಡೋ ತೋರಿಸುವ ಪ್ರೋಗ್ರಾಂಗೆ, ಹೇಳುತ್ತದೆ, ಅಷ್ಟೇ. ಆ ಎಕ್ಸ್ ಸರ್ವರ್‌ನ ವಿಳಾಸ ಡಿಸ್‌ಪ್ಲೇ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ (ಪ್ರೋಗ್ರಾಂಗಳು ಓದಿಕೊಳ್ಳುವ ಸೆಟ್ಟಿಂಗ್) ಇರಬೇಕು. ನಿಮ್ಮಲ್ಲಿ ಅದು ಖಾಲಿ. ಜಾಸ್ತಿ ಜನ ಎಡವುವುದು ‘ಸರ್ವರ್’ ಎಂಬ ಪದದಲ್ಲಿ. ಇಲ್ಲಿ ಸರ್ವರ್ ಎಂದರೆ ಕಾಲೇಜಿನ ದೊಡ್ಡ ಮಷಿನ್ ಅಲ್ಲ. ಪರದೆ, ಕೀಬೋರ್ಡ್, ಮೌಸ್ ಯಾರ ಹತ್ತಿರ ಇದೆಯೋ ಅದೇ ಎಕ್ಸ್ ಸರ್ವರ್, ಅಂದರೆ ನಿಮ್ಮ ಲ್ಯಾಪ್‌ಟಾಪ್. ದೂರದಲ್ಲಿ ಓಡುವ ಪ್ರೋಗ್ರಾಂ ಅದರ ಗಿರಾಕಿ. 1984ರಲ್ಲಿ ಎಂಐಟಿಯಲ್ಲಿ ಎಕ್ಸ್ ಶುರುವಾದಾಗಿನಿಂದಲೂ ಈ ಏರ್ಪಾಡು ಇದೆ. ನನಗೆ ಇವತ್ತಿಗೂ ಇದು ತುಂಬಾ ಇಷ್ಟ.

ಈಗ ಎಸ್‌ಎಸ್‌ಎಚ್ ಕಮಾಂಡಿಗೆ ಮೈನಸ್ ಎಕ್ಸ್ ಸೇರಿಸಿ ಮತ್ತೆ ಲಾಗಿನ್ ಆಗಿ. ಎಕ್ಸ್ ದೊಡ್ಡಕ್ಷರದಲ್ಲೇ ಇರಬೇಕು, ಚಿಕ್ಕದು ಹಾಕಿದರೆ ಫಾರ್ವರ್ಡಿಂಗ್, ಅಂದರೆ ವಿಂಡೋವನ್ನು ನಿಮ್ಮ ಲ್ಯಾಪ್‌ಟಾಪಿಗೆ ದಾಟಿಸುವುದು, ಬಂದ್ ಆಗುತ್ತದೆ. ಆಮೇಲೆ ಡಿಸ್‌ಪ್ಲೇಯಲ್ಲಿ ಏನಿದೆ ಎಂದು ಎಕೋ ಕಮಾಂಡಿನಿಂದ ನೋಡಿ. ‘ಲೋಕಲ್‌ಹೋಸ್ಟ್:10.0’ ಎಂಬಂಥದ್ದು ಬಂದರೆ ಕೆಲಸ ಆಯಿತು. ಆ 10 ಎಂದರೆ ಕಾಲೇಜಿನ ಮಷಿನ್‌ನ 6010ನೇ ಪೋರ್ಟ್ (ನೆಟ್‌ವರ್ಕ್ ಬಾಗಿಲು). ಅಲ್ಲಿ ಎಸ್‌ಎಸ್‌ಎಚ್ ಕಾದು ಕೂತಿರುತ್ತದೆ, ಬಂದದ್ದನ್ನೆಲ್ಲ ನಿಮ್ಮ ಲ್ಯಾಪ್‌ಟಾಪಿಗೆ ದಾಟಿಸುತ್ತದೆ.

ಇನ್ನೂ ಖಾಲಿಯಿದ್ದರೆ ಲ್ಯಾಬ್ ಅಡ್ಮಿನ್ ಹತ್ತಿರ ಎರಡು ವಿಷಯ ಕೇಳಿ: ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ (ಕಾಲೇಜಿನ ಮಷಿನ್‌ನ ಎಸ್‌ಎಸ್‌ಎಚ್ ಸೆಟ್ಟಿಂಗ್ ಫೈಲ್) ಎಕ್ಸ್11 ಫಾರ್ವರ್ಡಿಂಗ್ ‘ಯೆಸ್’ ಇದೆಯೇ, ಎಕ್ಸ್ ಸರ್ವರ್ ಬಳಸಲು ಬೇಕಾದ ಅನುಮತಿ ನೋಡಿಕೊಳ್ಳುವ ಎಕ್ಸ್‌ಆಥ್ ಇನ್‌ಸ್ಟಾಲ್ ಆಗಿದೆಯೇ.

ಒಂದು ಮಾತು ಮಾತ್ರ ನೆನಪಿಡಿ. ಡಿಸ್‌ಪ್ಲೇಗೆ ‘:0’ ಎಂದು ಕೈಯಿಂದಲೇ ತುಂಬಿ ಎಂಬ ಸಲಹೆ ಸಿಗುತ್ತದೆ, ಕೇಳಬೇಡಿ. ಒಮ್ಮೆ ಮನೆಯಿಂದ ಆಫೀಸಿನ ನನ್ನ ಮಷಿನ್‌ಗೆ ಹೋಗಿ ನಾನು ಹಾಗೇ ಮಾಡಿದ್ದೆ. ಎರರ್ ಬರಲಿಲ್ಲ, ವಿಂಡೋನೂ ಬರಲಿಲ್ಲ. ಏಳೆಂಟು ಸಲ ಓಡಿಸಿದೆ. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ ಮಾನಿಟರ್ ಆನ್ ಮಾಡಿದರೆ ಅಷ್ಟೂ ವಿಂಡೋಗಳು ಅಲ್ಲೇ ಒಂದರ ಮೇಲೊಂದು ತೆರೆದುಕೊಂಡಿದ್ದವು. ‘:0’ ಎಂದರೆ ಪ್ರೋಗ್ರಾಂ ಓಡುವ ಮಷಿನ್‌ನದೇ ಪರದೆ.

ಸುಡೋ (ರೂಟ್, ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿದಾಗ ಮಾತ್ರ ವಿಂಡೋ ಬರದಿದ್ದರೆ ಗಾಬರಿ ಬೇಡ. ಎಕ್ಸ್ ಸರ್ವರ್ ಒಳಗೆ ಬಿಡಲು ನೋಡುವ ಕುಕಿ, ಅಂದರೆ ಗುಟ್ಟಿನ ಕೀಲಿ, ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುತ್ತದೆ, ರೂಟ್ ಹತ್ತಿರ ಇರುವುದಿಲ್ಲ. ಸುಡೋ ಇಲ್ಲದೆ ಓಡಿಸಿ.