ಹಳೆಯ ಸ್ಯಾಕ್ಸೊಫೋನ್ ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಹಳೆಯ ಆಲ್ಟೊ ಸ್ಯಾಕ್ಸೊಫೋನ್ ಒಂದು ಮಾರಾಟಕ್ಕಿದೆ. ಬೆಲ್ (ವಾದ್ಯದ ಅಗಲವಾದ ಬಾಯಿ) ಮೇಲಿರುವ ಹೆಸರನ್ನು ಎಲ್ಲೂ ಕೇಳಿಲ್ಲ. ಹಿಂಬದಿಯಲ್ಲಿ ‘ಪೇಟೆಂಟ್, ಡಿಸೆಂಬರ್ 8, 1914’ ಎಂದೂ 1119954 ಎಂದೂ ಒತ್ತಿದ್ದಾರೆ. 1914ರದ್ದು, ಬಲು ಅಪರೂಪ ಎನ್ನುತ್ತಾರೆ ಮಾರುವವರು. ನಂಬಬಹುದೇ? ಬೆಲೆ ಕಟ್ಟುವುದು ಹೇಗೆ?

ಉತ್ತರ: ಅದು ವಾದ್ಯ ತಯಾರಾದ ವರ್ಷವಲ್ಲ. ಟೋನ್‌ಹೋಲ್‌ಗಳನ್ನು, ಎಂದರೆ ಸ್ವರದ ರಂಧ್ರಗಳ ಅಂಚುಗಳನ್ನು, ಬೇರೆಯಾಗಿ ಬೆಸೆಯದೆ, ಕೊಳವೆಯ ಲೋಹವನ್ನೇ ಹೊರಕ್ಕೆ ಎಳೆದು ರೂಪಿಸುವ ವಿಧಾನಕ್ಕೆ ಸಿಕ್ಕ ಅಮೆರಿಕನ್ ಪೇಟೆಂಟ್‌ನ ದಿನಾಂಕ ಮತ್ತು ಸಂಖ್ಯೆ. ಅಮೆರಿಕದ ಎಲ್ಕಾರ್ಟ್‌ನ ವಾದ್ಯ ತಯಾರಕ ಕಾನ್ ಕಂಪನಿ ಮುಂದೆ ಎಷ್ಟೋ ವರ್ಷ ಇದನ್ನೇ ಒತ್ತುತ್ತಾ ಬಂತು. ಸರಣಿ ಸಂಖ್ಯೆ ಇದರ ಕೆಳಗೆ ಬೇರೆಯಾಗಿ ಇರುತ್ತದೆ. ಜೊತೆಗಿರುವ ‘ಎ’ ಅಕ್ಷರ ಆಲ್ಟೊಗೆ, ‘ಟಿ’ ಟೆನರ್‌ಗೆ, ‘ಸಿ’ ಇವೆರಡರ ನಡುವಿನ ಗಾತ್ರದ ಸಿ-ಮೆಲೊಡಿಗೆ.

ಬೆಲ್ ಮೇಲೆ ಬೇರೆ ಹೆಸರಿದೆ ಎಂದರೆ ಅದು ಬಹುಶಃ ಸ್ಟೆನ್ಸಿಲ್: ಕಾರ್ಖಾನೆಯವರು ವ್ಯಾಪಾರಿಗಳಿಗೆ ಅವರವರ ಹೆಸರು ಕೆತ್ತಿ ಕೊಟ್ಟ ಮಾಲು. ಕಾನ್‌ನ ಸ್ವಂತ ಹೆಸರಿನ ಆ ಕಾಲದ ವಾದ್ಯಗಳಲ್ಲಿ ಟೋನ್‌ಹೋಲ್‌ನ ಅಂಚು ಹೊರಕ್ಕೆ ಸುರುಳಿಯಾಗಿರುತ್ತದೆ. ಸ್ಟೆನ್ಸಿಲ್‌ನಲ್ಲಿ ಸಾಮಾನ್ಯವಾಗಿ ನೇರ ಅಂಚು. ನುಡಿಸಲು ಚೆನ್ನಾಗಿಯೇ ಇರಬಹುದು, ಆದರೆ ಬೆಲೆ ಬಹಳ ಕೆಳಗೆ. ಕಾನ್‌ನ ಸರಣಿ ಪಟ್ಟಿ ಹಿಡಿದು ಇದರ ವರ್ಷ ನಿರ್ಧರಿಸಲು ಹೋಗಬೇಡಿ.

ಇನ್ನೊಂದು ಅಕ್ಷರ ಇವೆಲ್ಲಕ್ಕಿಂತ ಮುಖ್ಯ. ‘ಎಲ್’ ಅಥವಾ ‘ಲೋ ಪಿಚ್’ ಎಂದಿದ್ದರೆ ಇಂದಿನ 440 ಹರ್ಟ್ಸ್‌ನ ಶ್ರುತಿ. ‘ಎಚ್’ ಅಥವಾ ‘ಹೈ ಪಿಚ್’ ಎಂದಿದ್ದರೆ ಸುಮಾರು 457. ಅಂಥದ್ದನ್ನು ಗೋಡೆಗೆ ತೂಗುಹಾಕಲು ಬೇಕಿದ್ದರೆ ಮಾತ್ರ ಕೊಳ್ಳಿ. ಮೌತ್‌ಪೀಸ್ (ಊದುವ ತುದಿ) ಹೊರಕ್ಕೆಳೆದರೆ ಸರಿಹೋಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ರಂಧ್ರಗಳ ನಡುವಿನ ಅಂತರವೇ ಕಡಿಮೆ ಇರುವುದರಿಂದ ಒಂದು ಸ್ವರ ಸರಿಹೋದರೆ ಇನ್ನೊಂದು ತಪ್ಪುತ್ತದೆ.

ಈಗ ಬೆಲೆ. ಮಾರುವವರು ಕೇಳುತ್ತಿರುವ ದರವಲ್ಲ, ಅದೇ ಮಾದರಿಯ ಪೂರ್ತಿ ದುರಸ್ತಿಯಾದ ವಾದ್ಯ ನಿಜಕ್ಕೂ ಮಾರಾಟವಾದ ದರ ಹುಡುಕಿ. ಅದರಲ್ಲಿ ಎಲ್ಲ ಪ್ಯಾಡ್ (ರಂಧ್ರ ಮುಚ್ಚುವ ಮೆತ್ತೆ), ಕಾರ್ಕ್ ಬದಲಿಸಿ ಕೀಗಳನ್ನು ಹೊಂದಿಸುವ ಖರ್ಚು ಕಳೆಯಿರಿ. ಕಾಣದ ದೋಷಕ್ಕೆಂದು ಇನ್ನಷ್ಟು ಕಳೆಯಿರಿ. ಸ್ಟೆನ್ಸಿಲ್ ಆದರೆ ಎಷ್ಟೋ ಸಲ ಉತ್ತರ ಸೊನ್ನೆಗಿಂತ ಕೆಳಗೇ ಬರುತ್ತದೆ!

ಪ್ರಶ್ನೆ: ಒಂದು ಫಳಫಳ ಹೊಳೆಯುತ್ತದೆ, ಇನ್ನೊಂದರ ಲ್ಯಾಕರ್ (ಹೊಳಪಿನ ಲೇಪ) ಅರ್ಧ ಹೋಗಿದೆ. ಮಾದರಿ ಒಂದೇ. ಯಾವುದು ಒಳ್ಳೆಯದು?

ಉತ್ತರ: ಬಹುಮಟ್ಟಿಗೆ ಲ್ಯಾಕರ್ ಹೋದದ್ದೇ. ಹಳೆಯ ವಾದ್ಯ ಹೊಸದರಂತೆ ಹೊಳೆಯುತ್ತಿದ್ದರೆ ಅದನ್ನು ಉಜ್ಜಿ ಮತ್ತೆ ಲ್ಯಾಕರ್ ಹೊಡೆದಿರಬಹುದು. ಕೆತ್ತನೆಯ ಗೆರೆ, ಸರಣಿ ಸಂಖ್ಯೆಯ ಅಂಚುಗಳು ಮಸುಕಾಗಿವೆಯೇ, ಗೀರುಗಳು ಲ್ಯಾಕರ್‌ನ ಅಡಿಯಲ್ಲಿವೆಯೇ ನೋಡಿ. ಉಜ್ಜುವಾಗ ಲೋಹವೂ ಸವೆಯುತ್ತದೆ, ಟೋನ್‌ಹೋಲ್ ಅಂಚೂ ಕೆಡಬಹುದು. ಸೆಲ್ಮರ್ ಮಾರ್ಕ್ 6ರಂಥ ಬೇಡಿಕೆಯ ಮಾದರಿಯಲ್ಲಿ ಇದೊಂದೇ ಕಾರಣಕ್ಕೆ ಬೆಲೆ ಗಣನೀಯವಾಗಿ ಇಳಿಯುತ್ತದೆ.

ಬಣ್ಣ ಬಿಟ್ಟು ಕೊಳವೆ ನೋಡಿ. ನೆಕ್ (ಮೌತ್‌ಪೀಸ್ ಕೂರುವ ಬಾಗಿದ ಕೊಳವೆ) ತೆಗೆದು ಪಕ್ಕದಿಂದ ನೋಡಿ: ಬಾಗಿನ ಕೆಳಗೆ ಸುಕ್ಕು, ಮೇಲೆ ಚಪ್ಪಟೆ ಇದ್ದರೆ ಮೌತ್‌ಪೀಸ್ ಕಡೆಯಿಂದ ಯಾರೋ ಬಲವಾಗಿ ಅದುಮಿದ್ದಾರೆ, ಶ್ರುತಿ ಕೆಡುತ್ತದೆ. ಉದ್ದನೆಯ ರಾಡ್‌ಗಳ ಗುಂಟ ಕಣ್ಣು ಹಾಯಿಸಿದರೆ ಕೊಳವೆ ಬಾಗಿದ್ದು ತಿಳಿಯುತ್ತದೆ; ಬಿದ್ದ ವಾದ್ಯದಲ್ಲಿ ಇದು ಸಾಮಾನ್ಯ. ಬೆಲ್‌ನ ಆಧಾರದ ಬಳಿ ಒಡ್ಡೊಡ್ಡಾದ ಬೆಸುಗೆಯೂ ಅದೇ ಸುಳಿವು. ಆಮೇಲೆ ಕತ್ತಲಲ್ಲಿ ಒಳಗೆ ಪುಟ್ಟ ದೀಪ ಇಳಿಸಿ, ಕೀಗಳನ್ನು ಮೆಲ್ಲಗೆ ಒತ್ತಿ. ಪ್ಯಾಡ್ ಸುತ್ತ ಬೆಳಕು ಇಣುಕಿದರೆ ಅಲ್ಲಿ ಗಾಳಿ ಸೋರುತ್ತದೆ. ಒಂದೆರಡು ಪ್ಯಾಡ್ ಆದರೆ ಸಣ್ಣ ಕೆಲಸ.

ಬುಷರ್ ಕಂಪನಿಯ ವಾದ್ಯವಾದರೆ ಪ್ಯಾಡ್ ಕೂರುವ ಬಟ್ಟಲ ಮಧ್ಯೆ ಅದನ್ನು ಹಿಡಿದಿಡುವ ಸ್ನ್ಯಾಪ್ ಗುಬುಟು ಇದೆಯೇ ಕೇಳಿ. ಕೆಲವರು ಮಾಮೂಲಿ ಪ್ಯಾಡ್ ಕೂರಿಸಲು ಅದನ್ನು ಉಜ್ಜಿ ಹಾಕಿರುತ್ತಾರೆ.

ಪ್ರಶ್ನೆ: ಟೆನರ್ ಎಂದು ತೋರಿಸುತ್ತಿದ್ದಾರೆ, ಗಾತ್ರ ಸಣ್ಣದೆನಿಸುತ್ತದೆ.

ಉತ್ತರ: ಸಿ-ಮೆಲೊಡಿ ಇರಬಹುದು. ಶ್ರುತಿ ತೋರಿಸುವ ಟ್ಯೂನರ್ ಇಟ್ಟು ಸಿ ಬೆರಳುಪಟ್ಟಿನಲ್ಲಿ ಊದಿಸಿ. ಟೆನರ್ ಆದರೆ ಬಿ-ಫ್ಲಾಟ್ ತೋರಿಸುತ್ತದೆ, ಆಲ್ಟೊ ಆದರೆ ಇ-ಫ್ಲಾಟ್. ಸಿ ಎಂದೇ ತೋರಿಸಿದರೆ ಟೆನರ್‌ನ ಬೆಲೆ ಕೊಡಬೇಡಿ.